ದೊಡ್ಡ ಟೈರು ಹಾಕಿಸಿದ ಆಷಾಢ

29 ಜೂನ್ 2003, ಭಾನುವಾರ

ಬಿ.ಎ. ಮುಗಿದ ಮೇಲೆ ಡೈರಿ ಬರೆಯುವುದನ್ನು ಬಿಟ್ಟಿದ್ದೆ. ಬರೆಯುವಂಥದ್ದೇನೂ ನಡೆಯುತ್ತಿರಲಿಲ್ಲ. ಈಗ ನಡೆಯುತ್ತಿದೆ, ಯಾರ ಹತ್ತಿರವೂ ಹೇಳಲಾಗುತ್ತಿಲ್ಲ.

ಅವ್ವನ ಎದೆಯ ಗಂಟು ತೆಗೆಸಿ ಎರಡು ವರ್ಷವಾಗಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಈಗ ಬೆನ್ನುಮೂಳೆಗೆ ಬಂದಿದೆ. ಮೈಸೂರಿನ ಡಾಕ್ಟರು ಅಪ್ಪನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದು, "ಗುಣ ಆಗೋಕಲ್ಲ, ನೋವು ಕಮ್ಮಿ ಆಗೋಕೆ ಅಷ್ಟೇ" ಎಂದು ಹದಿನೈದು ದಿನದ ರೇಡಿಯೇಷನ್ ಬರೆದುಕೊಟ್ಟರು. ನಮ್ಮೂರು ಹೆಮ್ಮಿಗೆಯಲ್ಲಿ ಅದಕ್ಕೆ ಕರೆಂಟು ಕೊಡುವುದು ಅನ್ನುತ್ತಾರೆ. ನಾಳೆಯಿಂದ ಶುರು. ಶನಿವಾರ ಭಾನುವಾರ ಬಿಟ್ಟು ದಿನವೂ ಹೋಗಿಬರಬೇಕು. ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲವಂತೆ. ಇದ್ದರೂ ಅವ್ವ ಮಲಗುತ್ತಿರಲಿಲ್ಲ, ಎಮ್ಮೆ ಬಿಟ್ಟು ಇರುವವಳಲ್ಲ.

ಹೊರಗೆ ಬೆಂಚಿನ ಮೇಲೆ ಅವ್ವ ಕಾಯುತ್ತಿದ್ದಳು. "ಏನಂದ್ರು?" ಅಂದಳು. ಅಪ್ಪ, "ಹದಿನೈದು ಕರೆಂಟು" ಅಂದ. "ಅಷ್ಟೇಯಾ?" ಎಂದು ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹುಡುಕುವವಳ ಹಾಗೆ ಕೆಳಗೆ ನೋಡಿದೆ.

1 ಜುಲೈ, ಮಂಗಳವಾರ

ಎರಡು ದಿನ, ಎರಡು ಸಲ. ನಮ್ಮ ಮನೆ ಬಾಗಿಲಿಂದ ಆಸ್ಪತ್ರೆ ಗೇಟಿಗೆ ಸುಮೋ ಮೀಟರಿನಲ್ಲಿ ನಲವತ್ತಾರು ಕಿಲೋಮೀಟರು. ಅಪ್ಪ ಬಾಡಿಗೆಗೆ ಓಡಿಸುವ ಗಾಡಿ ಅದು. ಆಷಾಢವಾದ್ದರಿಂದ ಮದುವೆ ಬಾಡಿಗೆಗಳಿಲ್ಲ, ಗಾಡಿ ಅವ್ವನಿಗೇ ಬಿಡುವಾಗಿದೆ. ಇಷ್ಟು ವರ್ಷದಲ್ಲಿ ಅವ್ವ ಆ ಗಾಡಿಯಲ್ಲಿ ಕೂತಿದ್ದೇ ಕಮ್ಮಿ. ಪಾರ್ಟಿಯವರೆಲ್ಲ ಹತ್ತಿದ ಮೇಲೆ ಹಿಂದುಗಡೆ ಜಾಗ ಉಳಿದರೆ ಅಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದಳು. ಈಗ ನಡುವಿನ ಸೀಟು ಪೂರ್ತಿ ಅವಳದು. ನನ್ನ ತೊಡೆ ಮೇಲೆ ತಲೆ ಇಟ್ಟು, ಸೀಟಿನ ಬೆನ್ನಿಗೆ ಮುಖಮಾಡಿ ಮಲಗುತ್ತಾಳೆ.

ಹೆಮ್ಮಿಗೆ ಬಿಟ್ಟಮೇಲೆ ನರಸೀಪುರದವರೆಗೆ ರಸ್ತೆ ಎನ್ನುವಂಥದ್ದಿಲ್ಲ. ಹೊಳೆಯ ಮರಳು ಹೊರುವ ಲಾರಿಗಳು ಅದನ್ನು ತಿಂದುಹಾಕಿವೆ. ಒಂದೊಂದು ಗುಂಡಿಗೂ ಅವ್ವನ ತಲೆ ನನ್ನ ತೊಡೆಯಿಂದ ಮೇಲಕ್ಕೆ ಹಾರಿ ಬೀಳುತ್ತದೆ. "ಅಯ್" ಎನ್ನುತ್ತಾಳೆ, ಅಷ್ಟೆ. ಅಪ್ಪ ಒಳಗಿನ ಕನ್ನಡಿಯನ್ನು ರಸ್ತೆ ಕಾಣುವ ಹಾಗೆ ಇಟ್ಟಿಲ್ಲ, ನಡುವಿನ ಸೀಟು ಕಾಣುವ ಹಾಗೆ ಬಗ್ಗಿಸಿದ್ದಾನೆ. ಪ್ರತಿ "ಅಯ್"ಗೂ ಅದರಲ್ಲಿ ಅವನ ಕಣ್ಣು ಕಾಣುತ್ತದೆ.

ನೋವು ಕಡಿಮೆ ಮಾಡಿಸಲು ದಿನಕ್ಕೆ ತೊಂಬತ್ತೆರಡು ಕಿಲೋಮೀಟರು ನೋವು.

3 ಜುಲೈ, ಗುರುವಾರ

ಸಂಜೆ ಪುಟ್ಟರಾಜು ಮಾವ ಬಂದಿದ್ದ. ಅವ್ವನ ತಮ್ಮ. ಅವನ ಬಾಯಿಗೆ ಬ್ರೇಕಿಲ್ಲ.

"ಬಾವ, ನೀನು ಸುಮೋ ಓಡುಸ್ತೀಯೋ ಎತ್ತಿನ ಗಾಡಿ ಓಡುಸ್ತೀಯೋ? ನಮ್ಮಕ್ಕ ಮೊಸರು ಕಡದಂಗೆ ಆಗವ್ಳೆ."

"ಓಡ್ಸಾದು ನಾನು, ರಸ್ತೆ ನಿಮ್ಮ ಮರಳು ಲಾರಿಯೋರ್ದು" ಅಂದ ಅಪ್ಪ. ಮಾವ ಮೊನ್ನೆಮೊನ್ನೆಯವರೆಗೆ ಮರಳು ಲಾರಿಯಲ್ಲೇ ಇದ್ದವನು.

ಮಾವ, "ದೊಡ್ಡ ಟೈರು ಹಾಕ್ಸು ಬಾವ. ಸಫಾರಿ ಗಾಡೀದು. ಅದೇ ರಿಮ್ಮಿಗೇ ಕೂರ್ತದೆ. ಗುಂಡಿ ನುಂಗಾಕ್ತದೆ" ಅಂದ.

ಮಂಚಮ್ಮ ದೊಡ್ಡಮ್ಮ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಿ, "ಆಷಾಡ್ದಲ್ಲಿ ಯಾರಾದ್ರೂ ಗಾಡಿಗೆ ಹೊಸದು ಹಾಕುಸ್ತಾರಾ? ಒಂದು ತಿಂಗ್ಳು ತಡ್ಕಳಿ" ಅಂದಳು.

ಒಂದು ತಿಂಗಳು. ಅಪ್ಪ ಎದ್ದು ಹೋಗಿ ಹಳೆಯ ಟೈರುಗಳನ್ನು ಒಂದೊಂದಾಗಿ ಕಾಲಲ್ಲಿ ಒದ್ದು ನೋಡಿದ.

5 ಜುಲೈ, ಶನಿವಾರ

ನಂಜನಗೂಡಿಗೆ ಹೋಗಿದ್ದೆವು, ಅಪ್ಪ ಮತ್ತು ನಾನು. ಊಟಿ ರಸ್ತೆಯಲ್ಲಿ ಗಂಗಾಧರಸ್ವಾಮಿ ಅವರ ಟೈರಂಗಡಿ. ಅಪ್ಪ ಲಾರಿ ಡ್ರೈವರಾಗಿದ್ದಾಗಿನಿಂದ ಪರಿಚಯ. ಹಣೆ ತುಂಬ ವಿಭೂತಿ, ಕೈ ತುಂಬ ಕರಿ. ನನ್ನನ್ನು ನೋಡಿ, "ಮಗಳಾ ಬೆಟ್ಟಸ್ವಾಮಿ? ಏನ್ ಓದವ್ಳೆ?" ಅಂದರು. ಅಪ್ಪ, "ಕನ್ನಡ ಬಿ.ಎ." ಅಂದ. "ನೋಡಮ್ಮ, ಟೈರ್ ಮೇಲೂ ಬರ್ದಿರ್ತಾರೆ, ಓದು" ಎಂದು ನಕ್ಕರು. ಅಲ್ಲಿದ್ದ ನಾಲ್ಕೈದು ಗಂಡಸರೂ ತಿರುಗಿ ನೋಡಿದರು.

ಆದರೂ ಓದಿದೆ. ನಮ್ಮ ಹಳೆಯದರ ಮೇಲೆ 215/75 ಎಂದಿತ್ತು, ಹೊಸದರ ಮೇಲೆ 235/75. ಮೊದಲಿನದು ಅಗಲ, ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಎತ್ತರ ಎಂದು ಗಂಗಾಧರಸ್ವಾಮಿ ವಿವರಿಸಿದರು. ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚುತ್ತದೆ. ನೆಲಕ್ಕೂ ರಿಮ್ಮಿಗೂ ನಡುವೆ ರಬ್ಬರೂ ಗಾಳಿಯೂ ಎಷ್ಟು ಜಾಸ್ತಿಯೋ ಕೂತವರಿಗೆ ಅಷ್ಟು ಸುಖ. ಅಲ್ಲೇ ಹೊಳೆಯುವ ದೊಡ್ಡ ರಿಮ್ಮುಗಳೂ ಇದ್ದವು. ಅಪ್ಪ ಒಂದನ್ನು ಮುಟ್ಟಿ ನೋಡಿದ. "ಅದು ಬ್ಯಾಡ ಕಣಪ್ಪ. ಅದು ನೋಡೋರಿಗೆ ಚೆಂದ. ರಿಮ್ ದೊಡ್ದಾದ್ರೆ ರಬ್ಬರ್ ತೆಳ್ಳಗಾಯ್ತದೆ, ಕೂತೋರ ಸೊಂಟ ಓಯ್ತದೆ. ನಿಂಗೇನು, ಮೆತ್ತಗಿರ್ಬೇಕು ತಾನೆ?"

"ಮೆತ್ತಗಿರ್ಬೇಕು" ಅಂದ ಅಪ್ಪ. ಅವನು ಒಂದು ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತು ಆರಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮ ಬಟ್ಟೆಗಳನ್ನು ಸಹ ಅವ್ವನೇ ತರುವುದು. ಅವನು ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ, ಹಣ್ಣು ಕೊಳ್ಳುವವನ ಹಾಗೆ.

ಗಾಳಿ ತುಂಬುವವನು "ಎಷ್ಟಿಡ್ಲಿ?" ಅಂದ. "ದೊಡ್ಡ ಟೈರಲ್ವಾ, ನಲವತ್ತೈದು ಬುಡು" ಅಂದ ಅಪ್ಪ. ಮೊದಲಿಗೆ ನಲವತ್ತು ಇರುತ್ತಿತ್ತು. ಹದಿನಾಲ್ಕು ಜನ ತುಂಬಿಕೊಂಡು ಮಾದಪ್ಪನ ಬೆಟ್ಟ ಹತ್ತುವ ಗಾಡಿ, ಗಾಳಿ ಬಿಗಿ ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎಂದು ಅವನು ಸದಾ ಹೇಳುತ್ತಿದ್ದ.

ಗೋಡೆಯ ಮೇಲೆ ಇಂಗ್ಲಿಷಿನ ಒಂದು ಪಟ್ಟಿ ಅಂಟಿಸಿದ್ದರು. ಎಷ್ಟು ಭಾರಕ್ಕೆ ಎಷ್ಟು ಗಾಳಿ ಅಂತ. ನಮ್ಮ ಟೈರಿನ ಸಾಲಿನಲ್ಲಿ, ಕಮ್ಮಿ ಭಾರದ ಕೆಳಗೆ, ಇಪ್ಪತ್ತೆಂಟು ಎಂದಿತ್ತು. ಗಂಗಾಧರಸ್ವಾಮಿ ಆಗ ಇನ್ನೊಬ್ಬ ಗಿರಾಕಿಯ ಜೊತೆ ಒಳಗಿದ್ದರು. ಹೇಳೋಣ ಅಂದುಕೊಂಡೆ. ಎಲ್ಲರೂ ನಿಂತಿದ್ದರು. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ನಾನೇನು ಹೇಳುವುದು.

7 ಜುಲೈ, ಸೋಮವಾರ

ಗಾಡಿ ಒಂದು ಬೆರಳಷ್ಟು ಎತ್ತರವಾಗಿದೆ. ಅವ್ವನಿಗೆ ಹತ್ತಲು ಆಗಲಿಲ್ಲ. ಅಪ್ಪ ಒಳಗೆ ಹೋಗಿ ಅವಳು ಊಟಕ್ಕೆ ಕೂರುವ ಮಣೆ ತಂದು ಕೆಳಗಿಟ್ಟ. "ಹಸೆಮಣೆ ಹತ್ತಿದಂಗಾಯ್ತು" ಅಂದಳು ಅವ್ವ.

ಕೊಳತ್ತೂರು ದಾಟುವವರೆಗೆ ಅಪ್ಪ ತಡೆದ. ಆಮೇಲೆ ಕನ್ನಡಿಯಲ್ಲಿ ನೋಡಿ, "ಎಂಗದೆ?" ಅಂದ.

"ಮೆತ್ತಗದೆ ಬುಡಿ. ತೊಟ್ಲಲ್ಲಿ ಮಲಗಿಸ್ದಂಗದೆ."

ಅಪ್ಪನ ಹೆಗಲು ಇಳಿಯಿತು. ಮಾರ್ಕೆಟ್ಟಿಂದ ಬರುವ ಆಟೋದವನಿಗೂ ಕೈ ಎತ್ತಿ ನಕ್ಕ.

ಆಸ್ಪತ್ರೆಯ ಗೇಟಿನಲ್ಲಿ ಮೀಟರು ನಲವತ್ತನಾಲ್ಕು ತೋರಿಸಿತು. ಟೈರು ದೊಡ್ಡದಾದರೆ ಒಂದು ಸುತ್ತಿಗೇ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ತಿಳಿಯುವುದಿಲ್ಲ ಎಂದು ಅಪ್ಪ ಹೇಳಿದ. "ನೋಡು, ನಿಮ್ಮಪ್ಪ ಮೈಸೂರ ಎರಡು ಮೈಲಿ ಅತ್ರಕ್ಕೆ ಎಳ್ಕಬಂದವ್ನೆ" ಅಂದಳು ಅವ್ವ. ಅವನು ಸ್ಟೀರಿಂಗಿಗೆ ಹಣೆ ಇಟ್ಟು ನಕ್ಕ.

ನನಗೆ ಮಾತ್ರ ಮೆತ್ತಗೆ ಅನ್ನಿಸಲಿಲ್ಲ. ನನ್ನ ತೊಡೆಗೆ ಅವ್ವನ ತಲೆ ಹಿಂದಿನ ವಾರದ ಹಾಗೆಯೇ ಬಡಿಯುತ್ತಿತ್ತು. ಈಗ "ಅಯ್" ಎನ್ನುವುದಿಲ್ಲ, ಅದಷ್ಟೇ ವ್ಯತ್ಯಾಸ. ಮರಳಿನ ದೂಳು ಎಂದು ಮುಖದ ಮೇಲೆ ಸೆರಗು ಎಳೆದುಕೊಂಡಿರುತ್ತಾಳೆ.

10 ಜುಲೈ, ಗುರುವಾರ

ಒಂಬತ್ತು ಮುಗಿಯಿತು. ಅವ್ವ ಏನೂ ತಿನ್ನುತ್ತಿಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅಪ್ಪ ಟೈರಿನ ವಿಷಯ ಹೇಳುತ್ತಾನೆ. "ಅವ್ಳೇ ಅಂದ್ಳು, ತೊಟ್ಲಿನಂಗದೆ ಅಂತ."

13 ಜುಲೈ, ಭಾನುವಾರ

ಅವ್ವನ ಸೀರೆಗಳನ್ನು ಒಗೆಯುತ್ತಿದ್ದೆ. ನೀಲಿ ಸೀರೆಯ ಸೆರಗಿನ ತುದಿಯಲ್ಲಿ ತೂತುಗಳಿದ್ದವು. ಜಿರಲೆ ತಿಂದಿದೆ ಅಂದುಕೊಂಡೆ. ಹಸಿರು ಸೀರೆಯಲ್ಲೂ ಇತ್ತು. ಮೆಹಂದಿ ಬಣ್ಣದ್ದರಲ್ಲೂ. ಮೂರರಲ್ಲೂ ಸೆರಗಿನ ತುದಿ ಮುದ್ದೆಯಾಗಿ, ದಾರ ಕಿತ್ತು, ಸಾಲಾಗಿ ಸಣ್ಣ ತೂತು. ಬೆಳಕಿಗೆ ಹಿಡಿದು ನೋಡಿದೆ. ಹಲ್ಲಿನ ಗುರುತು.

ಈ ವಾರ ಅವಳು ಮೈಸೂರಿಗೆ ಉಟ್ಟುಕೊಂಡು ಹೋಗಿದ್ದು ಈ ಮೂರೇ.

14 ಜುಲೈ, ಸೋಮವಾರ

ಕರೆಂಟಿನ ಕೋಣೆಯ ಹೊರಗೆ, ನಮ್ಮ ಸರದಿಗೆ ಕಾಯುವಾಗ ಕೇಳಿದೆ. ಅಪ್ಪ ಗಾಡಿಯ ಹತ್ತಿರ ಇದ್ದ.

"ಸೆರಗು ಯಾಕವ್ವ ಕಚ್ತೀಯ?"

ಅವಳು ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. "ಒಗ್ಯಾಕೆ ಹಾಕ್ಬಾರ್ದಿತ್ತು ನಾನು" ಅಂದಳು.

"ನೋಯ್ತದೆ ಅಂತ ಅಪ್ಪನಿಗೆ ಹೇಳು."

"ಏಳ್ಬ್ಯಾಡ ಕಣವ್ವ, ನೀನೂ ಏಳ್ಬ್ಯಾಡ. ಮದ್ವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ನಿಮ್ಮಪ್ಪ ಕೆಟ್ಟೋನಲ್ಲ, ಆದ್ರೆ ನಂಗೆ ಅಂತ ಒಂದ್ ದಿನ ಅಂಗ್ಡಿಗೆ ಓಗಿದ್ದೋನಲ್ಲ. ಬಳೆಯೋ ಸೀರೆಯೋ ನಾನೇ ತಕ್ಕಂಡು ಬಂದು, ನೀವೇ ತಂದ್ರಿ ಅಂತ ಅವನ ಕೈಲಿ ಇಸ್ಕತಿದ್ದೆ. ನಂಗೋಸ್ಕರ ಅವ್ನೇ ಓಗಿ ಆರ್ಸಿ ತಂದಿದ್ದು ಇದೊಂದೇ. ಚೆನ್ನಾಗಿಲ್ಲ ಅಂತ ಎಂಗನ್ಲಿ?"

ಅವಳು ನನ್ನ ಕೈ ಹಿಡಿದು, "ಟೈರು ತಾನೇ ತಂದಿದ್ದು" ಎಂದು ನಕ್ಕಳು. "ಊರಲ್ಲಿ ಯಾವ್ಳಿಗಾದ್ರೂ ಗಂಡ ಟೈರು ತಂದುಕೊಟ್ಟವ್ನಾ?"

ಒಳಗಿನಿಂದ "ಸಣ್ಣತಾಯಮ್ಮ" ಎಂದು ಕೂಗಿದರು.

15 ಜುಲೈ, ಮಂಗಳವಾರ

ಇವತ್ತೂ ನಲವತ್ತೈದೇ ಗಾಳಿ. ಇವತ್ತೂ ಹೇಳಲಿಲ್ಲ. ಗೋಡೆಯ ಮೇಲಿನ ಅಂಕಿ ಕಣ್ಣು ಮುಚ್ಚಿದರೂ ಕಾಣುತ್ತದೆ.

16 ಜುಲೈ, ಬುಧವಾರ

ಹೇಳಿದೆ. ಅವ್ವನ ಸೆರಗಿನ ವಿಷಯ ಅಲ್ಲ, ಗಾಳಿಯ ವಿಷಯ ಮಾತ್ರ.

ಮೈಸೂರಿಂದ ಬಂದು ಅವ್ವನನ್ನು ಒಳಗೆ ಮಲಗಿಸಿ, ಅಪ್ಪ ಗಾಡಿ ಒರೆಸುತ್ತಿದ್ದ. ಇನ್ನೂ ಬಿಸಿಲಿತ್ತು. ಪುಟ್ಟರಾಜು ಮಾವ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಅಪ್ಪ, ಗಾಳಿ ಜಾಸ್ತಿಯಾಗಿದೆ ಅನ್ನಿಸ್ತದೆ. ಮೂರೇ ಜನ ಇದ್ರೆ ಇಪ್ಪತ್ತೆಂಟು ಸಾಕಂತೆ. ಗಾಳಿ ಬಿಗಿಯಾದ್ರೆ ದೊಡ್ಡ ಟೈರಾದ್ರೂ ಕಲ್ಲಿನಂಗೇ ಇರ್ತದೆ."

"ಯಾರಂದ್ರು?"

"ನಂಜನಗೂಡಿನ ಅಂಗಡಿ ಗೋಡೆ ಮೇಲೆ ಬರ್ದಿತ್ತು."

"ಯಾವತ್ತು ನೋಡ್ದೆ?"

"ಅವತ್ತೇ."

ಅಪ್ಪ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ.

"ನಿಮ್ಮವ್ವ ಮೆತ್ತಗದೆ ಅಂತಾಳಲ್ಲ?"

ನಾನು ಸುಮ್ಮನೆ ನಿಂತೆ. ಅಷ್ಟು ಸಾಕಾಯಿತು.

ಅವನು ಕೀಲಿಯನ್ನು ಮಾವನ ಕಡೆ ಎಸೆದು, "ಪುಟ್ಟರಾಜು, ನರಸೀಪುರದ ಗಂಟ ಓಡ್ಸು" ಅಂದ. ಹೇಳಿ ನಡುವಿನ ಸೀಟಿಗೆ ಹತ್ತಿ, ಎಡಕ್ಕೆ ತಲೆ ಇಟ್ಟು, ಮೊಣಕಾಲು ಮಡಚಿ, ಸೀಟಿನ ಬೆನ್ನಿಗೆ ಮುಖ ಮಾಡಿ ಮಲಗಿಕೊಂಡ. ಅವ್ವ ಮಲಗುವ ಹಾಗೆಯೇ. ಇಷ್ಟು ದಿನ ಕನ್ನಡಿಯಲ್ಲಿ ನೋಡಿದವನಿಗೆ ಎಲ್ಲವೂ ಗೊತ್ತಿತ್ತು.

"ಏನ್ ಬಾವ, ಗಂಡುಸ್ರು ಇಂಗೆ ಮಲ್ಗಾದಾ?" ಎಂದು ಮಾವ ನಗಲು ಹೋಗಿ, ಅಪ್ಪನ ಮುಖ ನೋಡಿ ಬಾಯಿ ಮುಚ್ಚಿದ.

ಒಂದು ಗಂಟೆಯ ಮೇಲೆ ಬಂದರು. ಮಾವ ಯಾರ ಜೊತೆಗೂ ಮಾತಾಡದೆ ಮನೆಗೆ ಹೋದ. ಅಪ್ಪ ಒಂದು ಬೆಂಕಿಕಡ್ಡಿ ತೆಗೆದುಕೊಂಡು ಮುಂದಿನ ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗಾಳಿಯ ಪಿನ್ನನ್ನು ಒತ್ತಿ ಹಿಡಿದ. ಸುಯ್ ಎಂದು ಬಹಳ ಹೊತ್ತು ಬಂತು. ಆಮೇಲೆ ಎರಡನೆಯದು. ಮೂರನೆಯದು. ನಾಲ್ಕನೆಯದರ ಹತ್ತಿರ ಕೂತವನು ಗಾಳಿ ನಿಲ್ಲಿಸಿದ ಮೇಲೂ ಏಳಲಿಲ್ಲ. ಹಣೆ ಟೈರಿಗೆ ತಾಗಿಸಿಕೊಂಡಿದ್ದ.

ಒಳಗಿಂದ ಅವ್ವ, "ಏನದು ಸದ್ದು? ಹಾವಾ?" ಅಂದಳು.

"ಏನಿಲ್ಲವ್ವ" ಅಂದೆ.

ಹದಿಮೂರು ಮುಗಿದಿದೆ. ಉಳಿದಿರುವುದು ಎರಡು.

17 ಜುಲೈ, ಗುರುವಾರ

ಅಂದಾಜಿನಲ್ಲಿ ಗಾಳಿ ಬಿಟ್ಟಿದ್ದರಿಂದ ನಾಲ್ಕೂ ಟೈರಿನಲ್ಲಿ ಒಂದೇ ಸಮ ಇರಲಿಲ್ಲ. ಅವ್ವನನ್ನು ಹತ್ತಿಸಿಕೊಳ್ಳುವ ಮೊದಲು ಅಪ್ಪನೂ ನಾನೂ ಮನೆಯಿಂದ ಸ್ವಲ್ಪ ದೂರದ ಗಾಳಿ ಅಂಗಡಿಗೆ ಹೋದೆವು. ಅಲ್ಲಿಯವನು ಎಷ್ಟಿಡಲಿ ಎಂದು ಅಪ್ಪನನ್ನು ಕೇಳಿದ. ಅಪ್ಪ ನನ್ನ ಕಡೆ ನೋಡಿದ. "ಇಪ್ಪತ್ತೆಂಟು" ಅಂದೆ.

"ಏನಕ್ಕ, ಸುಮೋಗೆ ಸ್ಕೂಟರ್ ಗಾಳಿಯಾ?" ಎಂದು ನಕ್ಕ.

"ಇಪ್ಪತ್ತೆಂಟೇ ಇಡಿ. ನಾಲ್ಕಕ್ಕೂ ಮೀಟರ್ ಹಿಡಿದು ನನಗೆ ತೋರಿಸಿ."

ಟೀ ಕುಡಿಯುತ್ತಿದ್ದವರೆಲ್ಲ ನೋಡಿದರು. ಅವನು ಮೂರನೆಯದಕ್ಕೆ ಮೂವತ್ತೆರಡು ಬಿಟ್ಟಿದ್ದ, ಇಳಿಸಲು ಹೇಳಿದೆ.

ಕೊಳತ್ತೂರಿನ ಗುಂಡಿಗಳಲ್ಲಿ ಗಾಡಿ ಇಳಿದು ಎದ್ದಿತು, ಬಡಿಯಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಅವ್ವ ತಾನಾಗಿಯೇ ಮುಖದ ಮೇಲಿನ ಸೆರಗು ತೆಗೆದು, "ಏನ್ ಮಾಡುದ್ರಿ ಗಾಡಿಗೆ?" ಅಂದಳು. ಅಪ್ಪ ಗೇರು ಬದಲಿಸಿದ. ನರಸೀಪುರದ ಸೇತುವೆ ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಮೈಸೂರಿನವರೆಗೂ ನಾನು ಕಾಲು ಅಲ್ಲಾಡಿಸಲಿಲ್ಲ, ಜೋಮು ಹಿಡಿದಿತ್ತು.

ಟೈರು ಹಾಕಿಸಿದ್ದು ಐದನೇ ತಾರೀಖು. ಬಿಗಿ ಗಾಳಿಯಲ್ಲೇ ಎಂಟು ದಿನ, ಹೋಗಿ ಬಂದು ಹದಿನಾರು ಸಲ.

18 ಜುಲೈ, ಶುಕ್ರವಾರ

ಕೊನೆಯ ಕರೆಂಟು. ಬೆಳಿಗ್ಗೆ ಅಪ್ಪ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹಿಂದೆ ಹತ್ತಿ ಕೂತ. ನನ್ನ ಹತ್ತಿರ ಲೈಸೆನ್ಸ್ ಇದೆ, ಡ್ರೈವರ್ ಮಗಳಿಗೆ ಇರಬೇಕೆಂದು ಅಪ್ಪನೇ ಮಾಡಿಸಿದ್ದ. ಆದರೆ ಹೊಳೆದಾರಿ ಬಿಟ್ಟು ಎಲ್ಲೂ ಓಡಿಸಿದವಳಲ್ಲ. ಎದುರಿಗೆ ಲಾರಿ ಬಂದಾಗಲೆಲ್ಲ ಗಾಡಿಯನ್ನು ಅಂಚಿಗೆ ಇಳಿಸಿ ನಿಧಾನ ಮಾಡುತ್ತಿದ್ದೆ.

"ನಿಮ್ಮಪ್ಪನ ತೊಡೆ ಮೇಲೆ ತಲೆ ಇಟ್ಕಂಡು ಮೈಸೂರ್ಗೆ ಓಯ್ತೀನಿ ಅಂತ ಮದ್ವೆಯಾದ ಹೊಸದ್ರಲ್ಲೂ ಅನ್ಕಂಡಿರ್ಲಿಲ್ಲ" ಅಂದಳು ಅವ್ವ.

"ಸುಮ್ನೆ ಮಲಕ್ಕೊ" ಅಂದ ಅಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಯಾಕೆ ಸುಳ್ಳೇಳ್ದೆ?" ಅಂದದ್ದು ಕೇಳಿಸಿತು. ಅವ್ವ ಏನು ಹೇಳಿದಳೋ, ಎದುರಿಗೆ ಬಸ್ಸು ಬಂತು, ಕೇಳಿಸಲಿಲ್ಲ.

27 ಜುಲೈ, ಭಾನುವಾರ

ನೋವು ಕಮ್ಮಿಯಾಗಿದೆ. ಅವ್ವ ಒರಗಿಕೊಂಡು ಕೂತು ಮಂಚಮ್ಮ ದೊಡ್ಡಮ್ಮನ ಜೊತೆ ಜಗಳವಾಡಿದಳು, ಎಮ್ಮೆಗೆ ಹಿಂಡಿ ಇಟ್ಟಿದ್ದು ಜಾಸ್ತಿಯಾಯಿತು ಎಂದು.

20 ಆಗಸ್ಟ್, ಬುಧವಾರ

ಮತ್ತೆ ಏಳಲಾಗುತ್ತಿಲ್ಲ. ಮಧ್ಯಾಹ್ನ, "ಗಾಡೀಲಿ ಕರ್ಕಂಡೋಗು" ಅಂದಳು. ಎಲ್ಲಿಗೆ ಅಂದರೆ, "ಎಲ್ಗೂ ಬ್ಯಾಡ, ಸುಮ್ನೆ. ಗಾಡೀಲಿ ನಿದ್ದೆ ಬತ್ತದೆ." ಶ್ರಾವಣದ ಮದುವೆ ಬಾಡಿಗೆಗಳನ್ನೆಲ್ಲ ಅಪ್ಪ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾನೆ. ಹದಿನಾಲ್ಕು ಜನ ಹತ್ತಿದರೆ ಮತ್ತೆ ಗಾಳಿ ತುಂಬಿಸಬೇಕಾಗುತ್ತದೆ. ಅದನ್ನು ಅವನು ಹೇಳಲಿಲ್ಲ, ನನಗೆ ಗೊತ್ತು.

ಹೊಳೆಯ ಪಕ್ಕದಲ್ಲಿ ಎರಡು ಸುತ್ತು ಹಾಕಿದೆ. ಅಪ್ಪ ಹಿಂದೆ ಅವಳನ್ನು ಹಿಡಿದುಕೊಂಡಿದ್ದ. ಮಲಗಿಬಿಟ್ಟಳು. ನಿಲ್ಲಿಸಿದರೆ ಎಚ್ಚರವಾಗುತ್ತದೆ ಎಂದು ಮೂರನೆಯ ಸುತ್ತು ಹಾಕಿದೆ, ನಾಲ್ಕನೆಯದು ಹಾಕಿದೆ. ಡೀಸೆಲ್ ಮುಳ್ಳು ಕೆಂಪಿಗೆ ಬಂದಾಗ ಮನೆಗೆ ತಿರುಗಿಸಿದೆ.

4 ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ಒಂಬತ್ತೂವರೆಗೆ ಅವ್ವ ಹೋದಳು.

6 ಸೆಪ್ಟೆಂಬರ್, ಶನಿವಾರ

ಬೂದಿ ಬಿಡಲು ನರಸೀಪುರದ ಸಂಗಮಕ್ಕೆ ಹೋಗಿದ್ದೆವು.

ಹೊರಡುವಾಗ ಮಂಚಮ್ಮ ದೊಡ್ಡಮ್ಮ, "ಇಂಥಾದ್ಕೆ ಹೆಣ್ಮಗ ಗಾಡಿ ಓಡುಸ್ಕಂಡು ಓಗಾದಾ? ಪುಟ್ಟರಾಜು ಇಲ್ವಾ?" ಅಂದಳು. ಮಾವ, "ಬ್ಯಾಡ ಕಣಕ್ಕ, ನಂಗೆ ಆ ರಸ್ತೇಲಿ ಕೈಯೇ ಓಡಲ್ಲ" ಅಂದ. ಅಪ್ಪ ಕೀಲಿ ನನ್ನ ಕಡೆ ಚಾಚಿ, "ಗುಂಡಿ ಎಲ್ಲೆಲ್ಲವೆ ಅಂತ ಅವ್ಳಿಗೆ ಗೊತ್ತದೆ" ಅಂದ.

ಅವರನ್ನು ಹತ್ತಿಸಿಕೊಳ್ಳುವ ಮೊದಲು ಗಾಡಿಯನ್ನು ಗಾಳಿ ಅಂಗಡಿಗೆ ಒಯ್ದೆ. ಅಲ್ಲಿಯವನು ನನ್ನನ್ನು ನೋಡಿ ಏನೂ ಕೇಳದೆ ನಾಲ್ಕಕ್ಕೂ ಇಪ್ಪತ್ತೆಂಟು ನೋಡಿ, ಮೀಟರನ್ನು ಒಂದೊಂದು ಸಲವೂ ನನ್ನ ಕಡೆ ತಿರುಗಿಸಿ ತೋರಿಸಿದ.

ವಾಪಸು ಬಂದಾಗ ಮನೆ ಬಾಗಿಲ ಹತ್ತಿರ ಮಣೆ ಇನ್ನೂ ಇತ್ತು. ಅಪ್ಪ ಅದರ ಮೇಲೆ ಕಾಲಿಟ್ಟು ಹತ್ತಿದ. ನಡುವಿನ ಸೀಟಿನ ಎಡಗಡೆ, ಅವ್ವ ತಲೆ ಇಡುತ್ತಿದ್ದ ಜಾಗದಲ್ಲಿ, ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕೂತ. ಮಾವ ನನ್ನ ಪಕ್ಕ ಕೂತ.

ಮಳೆ ಬಿದ್ದು ಗುಂಡಿಗಳಲ್ಲೆಲ್ಲ ನೀರು ತುಂಬಿತ್ತು. ಆಳ ಯಾವುದು, ಮೇಲುಮೇಲಿನದು ಯಾವುದು ನೋಡಿದರೆ ತಿಳಿಯುತ್ತಿರಲಿಲ್ಲ. ನೆನಪಿನಿಂದ ಓಡಿಸಿದೆ. ಸೆಕೆಂಡ್ ಗೇರಿನಲ್ಲಿ, ಒಂದು ಚಕ್ರ ಇಳಿದು ಎದ್ದ ಮೇಲೆ ಇನ್ನೊಂದು. ಹಿಂದೆ ಲಾರಿಯವನು ಹಾರನ್ ಹೊಡೆಯುತ್ತಲೇ ಇದ್ದ, ಹೊಡೆಯಲಿ ಎಂದು ಬಿಟ್ಟೆ. ಆದರೂ ಕೊಳತ್ತೂರಿನ ತಿರುವಿನಲ್ಲಿ ಹೊಸ ಗುಂಡಿಯೊಂದಿತ್ತು, ನನಗೆ ಗೊತ್ತಿಲ್ಲದ್ದು. ಹಿಂದಿನ ಎಡಚಕ್ರ ಒಮ್ಮೆಲೇ ಇಳಿಯಿತು.

"ಎತ್ತಾಕ್ತಾ ಅಪ್ಪ?" ಅಂದೆ, ತಿರುಗದೆ.

ಇನ್ನೆರಡು ಗುಂಡಿ ದಾಟಿದೆ.

"ಇಲ್ಲ ಕಣವ್ವ. ಮೆತ್ತಗದೆ, ಓಡ್ಸು."

ಕನ್ನಡಿಯನ್ನು ನಡುವಿನ ಸೀಟಿನ ಕಡೆಗೆ ಬಗ್ಗಿಸಿದೆ. ಅಪ್ಪ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದ.

ಕನ್ನಡಿಯನ್ನು ಮೊದಲಿನ ಹಾಗೆ ರಸ್ತೆಗೆ ತಿರುಗಿಸಿದೆ. ಸಂಗಮದವರೆಗೂ ಸೆಕೆಂಡ್ ಗೇರಿನಲ್ಲೇ ಹೋದೆ.